ನಲವತ್ತಾರು ಅವಳವು, ಒಂದು ನನ್ನದು

ನಲವತ್ತೇಳು ಸಾಲು. ಪ್ರತಿ ಸಾಲಿನ ಎಡಗಡೆ ಒಂದು ಊರಿನ ಹೆಸರು. ಬಲಗಡೆ, ಅದನ್ನು ಕೊನೆಯದಾಗಿ ಮುಟ್ಟಿದವರ ಹೆಸರು. ನಲವತ್ತಾರು ಸಾಲುಗಳ ಬಲಗಡೆ ‘ಅಶ್ವಿನಿ’ ಎಂದಿತ್ತು. ಒಂದರಲ್ಲಿ ಮಾತ್ರ ನನ್ನ ಹೆಸರು.

ಎರಡು ಸಲ ಎಣಿಸಿದೆ.

ಗುರುವಾರ ಸಂಜೆ ಕಂಪ್ಯೂಟರ್ ಆರಿಸುವಾಗ ನಲವತ್ತೇಳಕ್ಕೆ ನಲವತ್ತೇಳೂ ನನ್ನವೇ ಆಗಿದ್ದವು. ಶುಕ್ರವಾರ ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು ಬಂದು ಕೂತರೆ ಹೀಗೆ. ಮೂರು ವರ್ಷ ದಿನಾ ನೀವೇ ಗುಡಿಸಿ ಸಾರಿಸಿದ ಅಂಗಳದಲ್ಲಿ ಒಂದು ದಿನ ಬೇರೆ ಯಾರೋ ರಂಗೋಲಿ ಹಾಕಿದ್ದರೆ ಹೇಗನಿಸುತ್ತದೆ? ರಂಗೋಲಿ ಕೆಟ್ಟದಾಗಿದ್ದರೆ ಪರವಾಗಿಲ್ಲ, ಅಳಿಸಬಹುದು. ಚೆನ್ನಾಗಿತ್ತು. ಅದೇ ಸಂಕಟ.

ಈ ಅಂಕಣ ಓದುತ್ತ ಬಂದವರಿಗೆ ನನ್ನ ಕೆಲಸ ಗೊತ್ತು. ಗೊತ್ತಿಲ್ಲದವರಿಗೆ ಎರಡು ಮಾತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಊರುಗಳಲ್ಲಿ ಹಳೆಯ ಬರಹದ ಕಲ್ಲುಗಳಿವೆ. ಹೊಲದ ಬದುವಿನಲ್ಲಿ, ಗುಡಿಯ ಬೆನ್ನಿಗೆ, ಒಮ್ಮೊಮ್ಮೆ ಯಾರದೋ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ. ಅವುಗಳ ಫೋಟೊ ತೆಗೆಯುವುದು, ಏನು ಬರೆದಿದೆ ಎಂದು ಓದಿ ಟೈಪ್ ಮಾಡುವುದು ನಮ್ಮ ಕೆಲಸ. ಬೈಲಹೊಂಗಲದಲ್ಲಿ ಎರಡು ಕೋಣೆಯ ಆಫೀಸು. ಮೂರು ಜನ. ನಿವೃತ್ತ ಪ್ರಾಧ್ಯಾಪಕರಾದ ನಮ್ಮ ಸರ್, ನಾನು, ನಾಲ್ಕು ತಿಂಗಳಿಂದ ಅಶ್ವಿನಿ.

ಒಂದೊಂದು ಕಲ್ಲಿಗೂ ಎರಡೆರಡು ಫೈಲು. ಒಂದು ಫೋಟೊ, ಇನ್ನೊಂದು ಅದರ ಓದು. ಹಾಗಾಗಿ ನಮ್ಮಲ್ಲಿ ಎರಡು ದೊಡ್ಡ ಫೋಲ್ಡರುಗಳಿವೆ. ಒಂದರ ಹೆಸರು ‘ಚಿತ್ರ’, ಇನ್ನೊಂದರದು ‘ಪಾಠ’. ಎರಡರ ಒಳಗೂ ಊರಿಗೊಂದು ಫೋಲ್ಡರು. ಮುನವಳ್ಳಿಯ ಮೂರನೆಯ ಕಲ್ಲು ‘ಚಿತ್ರ’ದೊಳಗೆ ಯಾವ ದಾರಿಯಲ್ಲಿ ಸಿಗುತ್ತದೋ ‘ಪಾಠ’ದೊಳಗೂ ಅದೇ ದಾರಿಯಲ್ಲಿ ಸಿಗಬೇಕು. ಆಗ ಕಂಪ್ಯೂಟರ್ ಎರಡನ್ನೂ ಜೋಡಿಸಿ ಒಂದು ಪುಟ ಮಾಡುತ್ತದೆ: ಮೇಲೆ ಕಲ್ಲು, ಕೆಳಗೆ ಅದರ ಮಾತು. ದಾರಿಯಲ್ಲಿ ಒಂದಕ್ಷರ ಆಚೀಚೆಯಾದರೂ ಸಾಕು, ಕಲ್ಲು ಮೂಕ.

ಇದೆಲ್ಲ ‘ಗಿಟ್’ ಎಂಬ ವ್ಯವಸ್ಥೆಯಲ್ಲಿದೆ. ಅದು ಏನನ್ನೂ ಮರೆಯುವುದಿಲ್ಲ. ಯಾರು, ಯಾವಾಗ, ಏನು ಬದಲಿಸಿದರು, ಬದಲಿಸುವ ಮೊದಲು ಅದು ಹೇಗಿತ್ತು, ಎಲ್ಲವೂ ಅದರ ‘ಲಾಗ್’ ಎಂಬ ದಾಖಲೆಯಲ್ಲಿರುತ್ತದೆ. ನನಗೆ ಇದು ಹೊಸದೆನಿಸಲೇ ಇಲ್ಲ. ನಮ್ಮ ಅಜ್ಜ ಪೌರೋಹಿತ್ಯ ಮಾಡುತ್ತಿದ್ದವರು. ಅವರ ಮಂತ್ರದ ವಹಿಯಲ್ಲಿ ತಪ್ಪು ಕಂಡರೆ ಅಳಿಸುತ್ತಿರಲಿಲ್ಲ. ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ತಿಥಿ ಹಾಕುತ್ತಿದ್ದರು. ತಪ್ಪೂ ಉಳಿಯಬೇಕು, ತಿದ್ದಿದವರೂ ಕಾಣಬೇಕು. ಅಜ್ಜನಿಗೆ ಗಿಟ್ ಬರುತ್ತಿತ್ತು, ಕಂಪ್ಯೂಟರ್ ಬರುತ್ತಿರಲಿಲ್ಲ, ಅಷ್ಟೆ.

ಇನ್ನು ಊರ ಹೆಸರುಗಳ ಕಥೆ. ಫೋಲ್ಡರುಗಳಿಗೆ ನಾವು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡುತ್ತೇವೆ. ನಮ್ಮ ಕಡೆಯ ಊರುಗಳನ್ನು ಇಂಗ್ಲಿಷಿನಲ್ಲಿ ಬರೆಯುವುದು ಹೇಗೆ? ಬಸ್ಸಿನ ಬೋರ್ಡಿನಲ್ಲಿ ಸವದತ್ತಿ, ಅಲ್ಲಿನ ದೇವಿಯ ಗುಡ್ಡಕ್ಕೆ ಬರುವ ಮರಾಠಿ ಭಕ್ತರ ಬಾಯಲ್ಲಿ ಸೌಂದತ್ತಿ. ದೇಗಾಂವವನ್ನು ಒಬ್ಬರು ‘ಎನ್’ ಹಾಕಿ ಮುಗಿಸುತ್ತಾರೆ, ಇನ್ನೊಬ್ಬರು ‘ವಿ’ ಹಾಕಿ, ಮತ್ತೊಬ್ಬರು ಎರಡನ್ನೂ ಹಾಕಿ. ಮೊದಲಕ್ಷರ ದೊಡ್ಡದೋ ಚಿಕ್ಕದೋ ಎಂಬ ಜಗಳ ಬೇರೆ. (ನಮ್ಮ ಸರ್ ಅವರ ಕಂಪ್ಯೂಟರಿಗೆ ಎರಡೂ ಒಂದೇ. ಪುಟ ಕಟ್ಟುವ ಸರ್ವರ್ ಯಂತ್ರಕ್ಕೆ ಎರಡೂ ಬೇರೆ ಬೇರೆ ಊರು.) ಹೀಗಾಗಿ ನಮ್ಮ ಫೋಲ್ಡರುಗಳ ಹೆಸರುಗಳು ಒಂದೊಂದು ಒಂದೊಂದು ಥರ ಇದ್ದವು. ಆದರೆ ‘ಚಿತ್ರ’ದಲ್ಲಿ ಯಾವ ತಪ್ಪು ಇತ್ತೋ ‘ಪಾಠ’ದಲ್ಲೂ ಅದೇ ತಪ್ಪು ಇತ್ತು. ತಪ್ಪಿಗೆ ತಪ್ಪು ಜೋಡಿ, ಸಂಸಾರ ನಡೆಯುತ್ತಿತ್ತು.

ಎರಡೂ ಕಡೆ ಒಂದೇ ದಾರಿ ಇರಬೇಕು ಎಂಬ ನಿಯಮ ಎಲ್ಲಿ ಬರೆದಿತ್ತು? ಎಲ್ಲಿಯೂ ಇಲ್ಲ. ನನ್ನ ತಲೆಯಲ್ಲಿತ್ತು.

ಈಗ ಅಶ್ವಿನಿಯ ವಿಷಯ. ರಾಮದುರ್ಗದ ಕಡೆಯ ಒಕ್ಕಲುತನದ ಮನೆಯ ಹುಡುಗಿ. ಇಲ್ಲೇ ರೂಮು ಮಾಡಿಕೊಂಡಿದ್ದಾಳೆ. ಸೋಮವಾರ ಊರಿಂದ ಬರುವಾಗ ಶೇಂಗಾ ಹೋಳಿಗೆ ತರುತ್ತಾಳೆ. ಫೋಟೊ ತೆಗೆಯಲು ಯಾವ ಊರಿಗೆ ಹೋದರೂ ಹತ್ತು ನಿಮಿಷದಲ್ಲಿ ಯಾರದೋ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿರುತ್ತಾಳೆ. ನಾನು ಅದೇ ಊರಿಗೆ ಮೂರು ಸಲ ಹೋಗಿರುತ್ತೇನೆ, ಮೂರು ಸಲವೂ ನೀರಿನ ಬಾಟಲಿ ಮನೆಯಿಂದಲೇ ಒಯ್ದಿರುತ್ತೇನೆ.

ಸರ್ ಅವಳಿಗೆ ‘ನೀ’ ಅನ್ನುತ್ತಾರೆ. ‘ಏ ಅಶ್ವಿನಿ, ಬಾ ಇಲ್ಲೆ, ಇದನ್ನ ನೋಡು.’ ನನಗೆ ‘ನೀವು’. ‘ಸ್ವಲ್ಪ ಬರ್ತೀರೇನ್ರಿ?’ ಮೂರು ವರ್ಷವಾಯಿತು, ಆ ‘ರಿ’ ಕದಲಿಲ್ಲ. ಗೌರವವೂ ಒಂದು ಬೇಲಿ ಎಂದು ನನಗೆ ಗೊತ್ತಾದದ್ದು ಬೇರೆಯವರಿಗೆ ಅದಿಲ್ಲದ್ದನ್ನು ಕಂಡಾಗ. ಬೇಲಿ ಹಾಕಿಕೊಂಡವಳು ನಾನೇ ತಾನೆ ಎಂದು ನೀವು ಕೇಳಬಹುದು. ಕೇಳಬೇಡಿ.

ಬುಧವಾರ ಅವಳು ನನ್ನ ಟೇಬಲ್ಲಿಗೆ ಬಂದು ನಿಂತಿದ್ದಳು.

‘ಅಕ್ಕಾರ, ಸರ್ ಊರ ಹೆಸರೆಲ್ಲಾ ಒಂದ ನಮೂನಿ ಮಾಡು ಅಂದಾರ್ರಿ. ಹೆಸರು ಬದಲಿ ಮಾಡಿದ್ರ ಬ್ಯಾರೆ ಕಡೆ ಏನರ ಬದಲಿ ಮಾಡಬೇಕಾಗತೈತೇನ್ರಿ?’

ಒಂದು ಸಾಲಿನ ಉತ್ತರ ಸಾಕಿತ್ತು. ‘ಹೌದು, ಪಾಠದಾಗೂ ಮಾಡು.’ ಮೂರೇ ಮಾತು. ನಾನು ಪರದೆಯಿಂದ ಕಣ್ಣು ತೆಗೆಯದೆ ಒಂದೇ ಮಾತು ಹೇಳಿದೆ.

‘ನೋಡ್ಕೊ.’

ಅವಳು ನೋಡಿಕೊಂಡಳು. ಅವಳಿಗೆ ಗೊತ್ತಿರುವುದು ಫೋಟೊಗಳ ಕೆಲಸ. ‘ಚಿತ್ರ’ದೊಳಗಿನ ಊರುಗಳ ಹೆಸರನ್ನು ಕೂತು ಅಚ್ಚುಕಟ್ಟಾಗಿ ತಿದ್ದಿದಳು. ಎಲ್ಲ ಸಣ್ಣಕ್ಷರ, ಎಲ್ಲ ಒಂದೇ ರೀತಿ. ಹೆಸರು ಬದಲಾದರೆ ಲಾಗಿನ ಕಣ್ಣಿಗೆ ಅದು ಹೊಸದಾಗಿ ಮುಟ್ಟಿದಂತೆ. ಮೇಲುನೋಟದ ಪಟ್ಟಿಯಲ್ಲಿ ಕೊನೆಯವರ ಹೆಸರಷ್ಟೇ ಕಾಣುತ್ತದೆ. ಹೀಗೆ ನಲವತ್ತಾರು ಊರುಗಳು ಒಂದು ಬೆಳಗಿನಲ್ಲಿ ಅವಳವಾದವು. ಉಳಿದ ಒಂದು, ತೊರಗಲ್. ಅದರ ಹೆಸರು ಮೊದಲೇ ಸರಿಯಾಗಿತ್ತು, ಅವಳು ಮುಟ್ಟುವ ಅಗತ್ಯ ಬಿದ್ದಿರಲಿಲ್ಲ.

ಸರ್ ಕೋಣೆಯ ಬಾಗಿಲಲ್ಲಿ ನಿಂತು ಕೈಯೊರೆಸುತ್ತ ಹೇಳಿದರು. ‘ನೋಡಿದ್ರೇನ್ರಿ? ಒಂದ ಮುಂಜಾನ್ಯಾಗ ಎಲ್ಲಾ ಸ್ವಚ್ಛ ಮಾಡಿ ಒಗದಾಳ. ನಾವು ಮೂರು ವರ್ಷದಿಂದ ಮಾಡೋಣು ಮಾಡೋಣು ಅಂತ ಕುಂತಿದ್ವಿ.’

‘ನಾವು’ ಎಂದರು. ಅಷ್ಟಾದರೂ ಮರ್ಯಾದೆ ಉಳಿಸಿದರು.

‘ಏ ಬಿಡ್ರಿ ಸರ್’ ಎಂದಳು ಅಶ್ವಿನಿ. ‘ಅಕ್ಕಾರು ಮೊದಲ ಜೋಡಿಸಿ ಇಟ್ಟಿದ್ರು. ನಾ ಬರೇ ಹೆಸರ ಬದಲಿ ಮಾಡೇನಿ.’

ವಿನಯವಂತರ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಹಿಡಿಯಲು ಏನೂ ಸಿಗುವುದಿಲ್ಲ.

ಆದರೆ ನನಗೆ ಸಿಕ್ಕಿತು. ‘ಪಾಠ’ ಫೋಲ್ಡರನ್ನು ತೆರೆದು ನೋಡಿದೆ. ಅಲ್ಲಿ ಊರುಗಳೆಲ್ಲ ಹಳೆಯ ಹೆಸರಿನಲ್ಲೇ ಕೂತಿದ್ದವು. ದೊಡ್ಡಕ್ಷರದವು ದೊಡ್ಡಕ್ಷರದಲ್ಲೇ, ‘ಎನ್’ ‘ವಿ’ ಎರಡೂ ಇದ್ದವು ಎರಡನ್ನೂ ಹಿಡಿದುಕೊಂಡೇ. ಎಂದರೆ, ನಲವತ್ತಾರು ಊರುಗಳ ಕಲ್ಲುಗಳು ಹೊಸ ಮನೆಗೆ ಹೋಗಿವೆ, ಅವುಗಳ ಮಾತು ಹಳೆಯ ಮನೆಯಲ್ಲೇ ಉಳಿದಿದೆ. ಪುಟಗಳನ್ನು ಹೊಸದಾಗಿ ಕಟ್ಟುವುದು ವಾರಕ್ಕೊಮ್ಮೆ, ಶನಿವಾರ ಬೆಳಿಗ್ಗೆ. ಆ ಕೆಲಸ ನನ್ನದು. ಅಲ್ಲಿಯವರೆಗೆ ಇದು ಯಾರಿಗೂ ಕಾಣುವುದಿಲ್ಲ.

ನನ್ನ ಮನಸ್ಸು ತಕ್ಷಣ ಏನು ಮಾಡಿತು ಹೇಳಲೆ? ಒಂದು ದೃಶ್ಯ ಕಟ್ಟಿತು. ಶನಿವಾರ ಪುಟ ತೆರೆಯುತ್ತದೆ. ಮೇಲೆ ಕಲ್ಲು, ಕೆಳಗೆ ಖಾಲಿ. ಸರ್ ಗಾಬರಿಯಾಗುತ್ತಾರೆ. ಅಶ್ವಿನಿಯ ಮುಖ ಸಣ್ಣದಾಗುತ್ತದೆ. ಆಗ ನಾನು ಕುರ್ಚಿ ಎಳೆದುಕೊಂಡು, ಯಾರನ್ನೂ ದೂರದೆ, ಹತ್ತು ನಿಮಿಷದಲ್ಲಿ ಎಲ್ಲವನ್ನೂ ಸರಿ ಮಾಡುತ್ತೇನೆ. ಎಲ್ಲರ ಕಣ್ಣೆದುರು. (ಯಾರನ್ನೂ ದೂರದೆ ಎಂಬ ಭಾಗ ನನಗೆ ಬಹಳ ಇಷ್ಟವಾಯಿತು.)

ಅಷ್ಟರಲ್ಲಿ ಅಶ್ವಿನಿಯ ಫೋನು ರಿಂಗಾಯಿತು. ದೇಗಾಂವದ ಭೀಮಪ್ಪ. ಅವಳು ಸ್ಪೀಕರಿನಲ್ಲಿಟ್ಟು ಮಾತಾಡುವವಳು. ಗುಟ್ಟೆಂಬುದೇ ಇಲ್ಲ.

‘ತಂಗೀ, ನಾಳಿ ಹತ್ತಕ್ಕ ಬರತೇನವಾ. ಸೊಸಿನ್ನೂ ಕರಕೊಂಡ ಬರತೇನಿ. ಕಲ್ಲು ಏನ ಅಂತೈತಿ ಅಕೀನೂ ಕೇಳಲಿ.’

ಭೀಮಪ್ಪನ ಹೊಲದ ಬದುವಿನಲ್ಲಿ ಒಂದು ಕಲ್ಲಿದೆ. ಸೊಸೆ ಸೋಮವಾರಕ್ಕೊಮ್ಮೆ ಅದಕ್ಕೆ ನೀರು ಹಾಕುತ್ತಾಳೆ. ಆ ಬದುವಿನ ಆಚೆಗಿನ ಹೊಲ ಭೀಮಪ್ಪನ ತಮ್ಮನದು. ತಮ್ಮನಿಗೆ ಬದು ಕಿತ್ತು ಎರಡೂ ಹೊಲ ಸಮ ಮಾಡಿಸುವ ಆಸೆ. ಅಡಿಯಲ್ಲಿ ನಿಧಿ ಇದೆ ಎಂದು ಒಬ್ಬರು, ಮನೆಗೆ ಕೇಡು ಎಂದು ಇನ್ನೊಬ್ಬರು ಅವನ ತಲೆ ಕೆಡಿಸಿದ್ದಾರೆ. ‘ಅದರಾಗ ಏನರ ಬರದಿದ್ರ ಇರಲಿ, ಇಲ್ಲಂದ್ರ ಸೋಮವಾರ ಜೆಸಿಬಿ ತರಸ್ತೇನಿ’ ಎಂದಿದ್ದಾನಂತೆ. ಕಲ್ಲಿನ ಚಿತ್ರ, ಅದರ ಕೆಳಗೆ ಅದರ ಮಾತು, ಎರಡೂ ಇರುವ ಒಂದು ಹಾಳೆ ಭೀಮಪ್ಪನಿಗೆ ಬೇಕು. ಫೋಟೊ ತೆಗೆಯಲು ಹೋದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ. ‘ಕಲ್ಲು ಏನ ಅಂತೈತ್ರಿ?’ ಅದನ್ನು ಓದಿದವಳು ನಾನು. ಸವೆದ ಅಕ್ಷರಗಳ ಮೂರು ಸಾಲಿಗೆ ಹನ್ನೊಂದು ದಿನ ಹಿಡಿಯಿತು. ಅವನು ಫೋನು ಮಾಡುವುದು ಅಶ್ವಿನಿಗೆ.

‘ಬರ್ರಿ ಕಾಕಾ, ಬರ್ರಿ. ಅಕ್ಕಾರು ಓದ್ಯಾರ, ನಿಮಗ ಹಾಳಿ ತಗದ ಕೊಡತೇವಿ’ ಎಂದಳು.

ಆಗಲಾದರೂ ಹೇಳಬಹುದಿತ್ತು. ನಾನು ಚೀಲ ಎತ್ತಿಕೊಂಡು ಮನೆಗೆ ಹೋದೆ.

ನಿಮ್ಮ ಆಫೀಸಿನಲ್ಲೂ ನನ್ನಂಥವರು ಒಬ್ಬರು ಇರಬಹುದು. ಎಲ್ಲವೂ ಗೊತ್ತು, ಏನೂ ಹೇಳುವುದಿಲ್ಲ. ಯಾವ ಕೀಲಿ ಯಾವ ಕಪಾಟಿಗೆ, ಯಾವ ಅರ್ಜಿಗೆ ಯಾವ ಜೆರಾಕ್ಸು, ಎಲ್ಲ ಅವರ ತಲೆಯೊಳಗೆ. ಅವರು ರಜೆ ಹಾಕಿದ ದಿನ ಇಡೀ ಆಫೀಸು ಅವರನ್ನು ನೆನೆಯಬೇಕು. ಅದೇ ಅವರ ಸುಖ. ಬರೆದಿಡದ ನಿಯಮ ನಿಯಮವಲ್ಲ, ಅದು ಅಧಿಕಾರ. ಇದನ್ನು ನಾನು ಬೇರೆಯವರ ಬಗ್ಗೆ ಬರೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಮನೆಯಲ್ಲಿ ಅವ್ವ ದೀಪ ಹಚ್ಚಿ ಭಕ್ರಿ ತಟ್ಟುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ. ಉಳಿದ ಆ ಒಂದನ್ನು, ನನ್ನ ತೊರಗಲ್ಲನ್ನು, ನೋಡಬೇಕೆನಿಸಿತು. ಬಡವನ ಮನೆಯಲ್ಲಿ ಉಳಿದ ಒಂದೇ ಬೆಳ್ಳಿ ಬಟ್ಟಲನ್ನು ಆಗಾಗ ತೆಗೆದು ನೋಡುವ ಹಾಗೆ.

ಗಿಟ್‌ನಲ್ಲಿ ಒಂದು ಸೌಲಭ್ಯವಿದೆ. ಸುಮ್ಮನೆ ಲಾಗ್ ಕೇಳಿದರೆ ಈಗಿನ ಹೆಸರಿನ ಕಥೆಯಷ್ಟನ್ನೇ ಹೇಳುತ್ತದೆ. ‘ಬೆನ್ನು ಹತ್ತಿ ಹೋಗು’ ಎಂದು ಹೇಳಿದರೆ ಹೆಸರು ಬದಲಾಗುವ ಮೊದಲಿನ ಕಥೆಯನ್ನೂ ಹುಡುಕಿ ತರುತ್ತದೆ. ಅಶ್ವಿನಿಯ ನಲವತ್ತಾರರ ಕೆಳಗೆ ನನ್ನ ಹೆಸರು ಇದೆಯೆಂದು ಕಣ್ಣಾರೆ ನೋಡಿ ಸಮಾಧಾನ ಮಾಡಿಕೊಳ್ಳುವುದು ನನ್ನ ಉದ್ದೇಶ. ದೇಗಾಂವಕ್ಕೆ ಕೇಳಿದೆ. ಇತ್ತು. ಮುನವಳ್ಳಿಗೆ ಕೇಳಿದೆ. ಇತ್ತು. ಹಾಗೇ ಕೈ ಓಡಿದ ಭರದಲ್ಲಿ ತೊರಗಲ್ಲಿನ ಪಾಠಕ್ಕೂ ಕೇಳಿದೆ.

ಮೊದಲು ನನ್ನ ಹೆಸರು ಬಂತು. ಅದರ ಕೆಳಗೆ ಮತ್ತೆ ನನ್ನದೇ, ನಾನು ಕೆಲಸಕ್ಕೆ ಸೇರಿದ ಮೊದಲ ವಾರದ ಒಂದು ಬದಲಾವಣೆ. ಷರಾ: ‘ಹೆಸರು ಸರಿಪಡಿಸಿದೆ.’ ಅದರ ಕೆಳಗೆ ಸುಮಿತ್ರಾ. ಸುಮಿತ್ರಾ. ಸುಮಿತ್ರಾ. ಹದಿನಾಲ್ಕು ಸಲ.

ಸುಮಿತ್ರಾ ನನಗಿಂತ ಮೊದಲು ಈ ಕೆಲಸದಲ್ಲಿದ್ದವರು. ನಾನು ಅವರನ್ನು ನೋಡಿಲ್ಲ. ಮದುವೆಯಾಗಿ ಬಿಟ್ಟು ಹೋದರು ಎಂದು ಸರ್ ಹೇಳಿದ್ದು ನೆನಪು. ತೊರಗಲ್ ಕೋಟೆಯ ಕಡೆಯ ಆ ಕಲ್ಲಿನಲ್ಲಿ ಒಂದು ಪೂರ್ತಿ ಸವೆದ ಸಾಲಿದೆ, ಅದನ್ನು ಬಿಡಿಸಿದವರು ಅವರು. ಒಂದೊಂದೇ ಅಕ್ಷರ, ಹದಿನಾಲ್ಕು ಸಲಕ್ಕೆ. ನಾನು ಊರ ಹೆಸರಿನಲ್ಲಿದ್ದ ಒಂದು ‘ಎ’ ತೆಗೆದು, ‘ಚಿತ್ರ’ದಲ್ಲೂ ‘ಪಾಠ’ದಲ್ಲೂ ಫೋಲ್ಡರಿನ ಹೆಸರು ಬದಲಿಸಿ, ಆಮೇಲೆ ಯಾವಾಗಲೋ ಪಾಠದಲ್ಲಿ ಎರಡು ಅಕ್ಷರ ತಿದ್ದಿದ್ದೆ. ದಾರಿಗಳನ್ನು ಎರಡೂ ಕಡೆ ಸರಿಯಾಗಿಯೇ ಬದಲಿಸಿದ್ದೆ, ಆ ಮಾತು ಬೇರೆ.

ತೊರಗಲ್ಲಿನ ಸವೆದ ಸಾಲನ್ನು ಓದಿದ್ದು ನಾನು ಎಂದು ಎಷ್ಟು ಜನರಿಗೆ ಹೇಳಿದ್ದೇನೆ? ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಪಟ್ಟಿಯಲ್ಲಿ ನನ್ನ ಹೆಸರನ್ನೇ ನೋಡಿ ನೋಡಿ ನನಗೇ ಹಾಗೆ ಅನಿಸಿಬಿಟ್ಟಿತ್ತು. ಈ ಅಂಕಣದಲ್ಲೂ ಒಮ್ಮೆ ಬರೆದಿದ್ದೆ. (ದಯವಿಟ್ಟು ಆ ವಾರದ್ದನ್ನು ಹುಡುಕಬೇಡಿ.)

ಶುಕ್ರವಾರ ಬೆಳಿಗ್ಗೆ ಅಶ್ವಿನಿ ಹಾಕಿದ್ದ ಷರಾ ಏನಿತ್ತೆಂದು ತಿರುಗಿ ನೋಡಿದೆ. ‘ಹೆಸರು ಸರಿಪಡಿಸಿದೆ.’ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ.

‘ಯಾಕ ಮಾರಿ ಇಷ್ಟ ಸಣ್ಣ ಆಗೇದ?’ ಎಂದಳು ಅವ್ವ.

ನನ್ನ ಆಫೀಸಿನ ಮಾತು ಮನೆಯಲ್ಲಿ ಆಡುವವಳಲ್ಲ ನಾನು. ಅಂದು ಹೇಳಿದೆ. ಊರುಗಳ ಹೆಸರು ಬದಲಿಸಿದ್ದಾಳೆ, ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಬಿಟ್ಟಿದ್ದಾಳೆ, ಈಗ ಎರಡಕ್ಕೂ ಗುರುತು ಹತ್ತುವುದಿಲ್ಲ, ಎಂದು ಅಷ್ಟೇ. ನನ್ನ ಪಾಲನ್ನು ಬಿಟ್ಟು.

ಅವ್ವ ಭಕ್ರಿ ತಿರುವಿ ಹಾಕಿದಳು. ‘ಅದರಾಗೇನದ? ನಂದೂ ಹಂಗ ಅದ ಅಲ್ಲಾ.’

ಅವ್ವನಿಗೆ ಎರಡು ಹೆಸರು. ತವರಿನಲ್ಲಿ ಚಂಪಾ, ಇಲ್ಲಿ ವಸುಧಾ. ಲಗ್ನದ ದಿನ ತಾಟಿನಲ್ಲಿ ಅಕ್ಕಿ ಹರವಿ, ಅಪ್ಪನ ಕೈಗೆ ಉಂಗುರ ಕೊಟ್ಟು, ಹೊಸ ಹೆಸರು ಬರೆಸಿದರು. ನಮ್ಮವರಲ್ಲಿ ಆಗಿನ ಪದ್ಧತಿ ಅದು. ಕಿತ್ತೂರಿನ ಮಾಮಾ ಇವತ್ತಿಗೂ ಬಾಗಿಲಲ್ಲಿ ನಿಂತು ‘ಚಂಪಕ್ಕಾ’ ಎಂದೇ ಕೂಗುತ್ತಾನೆ. ಪಕ್ಕದ ಮನೆಯವರು ‘ಆ ಹೆಸರಿನವರು ಇಲ್ಲಿ ಯಾರೂ ಇಲ್ರಿ’ ಎಂದು ಒಮ್ಮೆ ಅವನನ್ನು ತಿರುಗಿ ಕಳಿಸಿದ್ದೂ ಇದೆ.

‘ಅಕ್ಕಿ ಮ್ಯಾಲ ಹೆಸರು ಬರದ್ರು, ಎಲ್ಲಾರೂ ಚಪ್ಪಾಳಿ ಹೊಡದ್ರು’ ಎಂದಳು ಅವ್ವ. ‘ಸಾಲಿಗೆ ಹೋಗಿ ನನ್ನ ಸರ್ಟಿಫಿಕೇಟಿನ ಮ್ಯಾಲ ಬರಿಯೋರ ಯಾರು? ಮೆಟ್ರಿಕ್ಕಿನಾಗ ಫಸ್ಟ್ ಕ್ಲಾಸ್ ಬಂದಾಕಿ ಚಂಪಾ. ವಸುಧಾ ಸಾಲಿ ಕಟ್ಟಿ ಹತ್ತಿಲ್ಲ, ಕಾಗದದ ಪ್ರಕಾರ. ಅಂಗನವಾಡಿ ಕೆಲಸಕ್ಕ ಅರ್ಜಿ ಹಾಕಿದಾಗ ಏನಂದ್ರು ಗೊತ್ತದಿಲ್ಲೋ? ಇವರಿಬ್ಬರೂ ಒಬ್ಬಾಕಿನ ಅಂತ ಬರಸ್ಕೊಂಡ ಬರ್ರಿ ಅಂದ್ರು. ಬರಸ್ಕೊಂಡ ಹೋಗೂದ್ರಾಗ ಬ್ಯಾರೆಯವರನ್ನ ತಗೊಂಡಿದ್ರು.’

ಇದು ನನಗೆ ಗೊತ್ತಿದ್ದ ಕಥೆಯೇ. ಆದರೆ ಅವ್ವ ಅದನ್ನು ಯಾವಾಗಲೂ ನಗುತ್ತ ಹೇಳುತ್ತಿದ್ದಳು. ಅಂದೂ ನಗುತ್ತಲೇ ಹೇಳಿದಳು. ಕೇಳಿದ ನನ್ನ ಕಿವಿ ಬೇರೆಯಾಗಿತ್ತು.

‘ಆವಾಗ ಯಾರಿಗೂ ಗೊತ್ತಿರಲಿಲ್ಲೇನು, ಸಾಲ್ಯಾಗೂ ಬದಲಿಸಬೇಕು ಅಂತ?’ ಎಂದೆ.

‘ನಮ್ಮ ದೊಡ್ಡಕಾಕಾ ಸಾಲಿ ಮಾಸ್ತರ ಇದ್ದ. ಅವಗ ಗೊತ್ತಿತ್ತು.’

‘ಮತ್ತ?’

‘ಮತ್ತೇನು. ಕೇಳಿದ್ರ ಹೇಳತಿದ್ದೆ ಅಂದ.’

ಮುರಿದ ಭಕ್ರಿಯನ್ನು ತಾಟಿನಲ್ಲೇ ಬಿಟ್ಟೆ. ಅವ್ವ ನನ್ನ ತಾಟು ನೋಡಿದಳು.

‘ಹೊಟ್ಟಿಕಿಚ್ಚೇನ?’

‘ಇಲ್ಲ.’

‘ಇಲ್ಲಂದ್ರ ಭಕ್ರಿ ಯಾಕ ಬಿಟ್ಟಿ?’

ದೊಡ್ಡಕಾಕಾನಾದರೂ ನನಗಿಂತ ವಾಸಿ. ಅವನನ್ನು ಯಾರೂ ಕೇಳಿರಲಿಲ್ಲ. ನನ್ನನ್ನು ಕೇಳಿದ್ದರು. ಬುಧವಾರ, ನನ್ನ ಟೇಬಲ್ಲಿನ ಹತ್ತಿರವೇ ನಿಂತು.

ಭೀಮಪ್ಪ ಹತ್ತಕ್ಕೆ ಬಂದು, ಮೇಲೆ ಕಲ್ಲು ಕೆಳಗೆ ಖಾಲಿ ಇರುವ ಪುಟವನ್ನು ನೋಡಿದರೆ ಏನೆಂದುಕೊಳ್ಳುತ್ತಾನೆ? ನನ್ನ ಆ ಹತ್ತು ನಿಮಿಷದ ಪ್ರದರ್ಶನವನ್ನು ಕಾದು ಕೂರುತ್ತಾನೆಯೆ? ಕೂರಲಾರ. ಓದು ಬಾರದ ಮನುಷ್ಯ, ಖಾಲಿಯನ್ನು ಚೆನ್ನಾಗಿ ಓದಬಲ್ಲ. ಕಲ್ಲು ಏನೂ ಅನ್ನುವುದಿಲ್ಲ ಎಂದುಕೊಂಡು, ‘ಬರತೇನ್ರಿ’ ಎಂದು ಎದ್ದು, ಊರಿಗೆ ಹೋಗಲು ಕಿತ್ತೂರಿನ ಬಸ್ಸು ಹಿಡಿಯುತ್ತಾನೆ. ಸೋಮವಾರ ಜೆಸಿಬಿ.

ಶನಿವಾರ ಬೆಳಿಗ್ಗೆ ಏಳಕ್ಕೆ ಅಶ್ವಿನಿಗೆ ಫೋನು ಮಾಡಿದೆ. ನಾನಾಗಿ ಅವಳಿಗೆ ಮಾಡಿದ ಮೊದಲ ಫೋನು.

‘ಎಂಟಕ್ಕ ಆಫೀಸಿಗೆ ಬಾ.’

‘ಏನಾತ್ರಿ ಅಕ್ಕಾರ?’

‘ಪಾಠದಾಗೂ ಹೆಸರು ಬದಲಿಸಬೇಕು. ಇಬ್ಬರೂ ಕೂಡಿ ಮಾಡೋಣು.’

ಅವಳು ಎಂಟಕ್ಕೆ ಐದು ನಿಮಿಷ ಮೊದಲೇ ಬಂದು ಕೀಲಿ ತೆಗೆದಿದ್ದಳು, ಕೂದಲು ಇನ್ನೂ ಒದ್ದೆ. ಅವಳ ಕಂಪ್ಯೂಟರಿನಲ್ಲೇ ಕೂತೆವು. ನಾನು ಹಳೆಯ ಹೆಸರು ಓದುತ್ತ ಹೋದೆ, ಅವಳು ಹೊಸದನ್ನು ಒತ್ತುತ್ತ ಹೋದಳು. ನಲವತ್ತಾರು ಊರು. ಹನ್ನೆರಡನೆಯದರ ಹೊತ್ತಿಗೆ ಅವಳ ಕೈ ನಿಂತಿತು.

‘ಅಕ್ಕಾರ, ನಿನ್ನೆ ನಿಮಗ ಗೊತ್ತಿತ್ತೇನ್ರಿ ಇದು?’

‘ಗೊತ್ತಿತ್ತು.’

ಅವಳು ಪರದೆಯನ್ನೇ ನೋಡುತ್ತಿದ್ದಳು. ‘ಬುಧವಾರಾನೂ?’

‘ಹೂಂ.’

ಅವಳು ಕೈಯನ್ನು ಮತ್ತೆ ಕೀಲಿಮಣೆಯ ಮೇಲಿಟ್ಟಳು. ಆಮೇಲೆ ಅಂದಳು, ‘ಮುಂದಿನ ಊರು ಯಾವುದ್ರಿ?’

ಬೈದಿದ್ದರೆ ಚೆನ್ನಾಗಿತ್ತು. ಆ ವಿಷಯದಲ್ಲೂ ಅವಳು ನನಗಿಂತ ಮುಂದೆ.

ಒಂಬತ್ತೂವರೆಗೆ ಪುಟ ಕಟ್ಟಿದೆ. ಎಲ್ಲ ಕಲ್ಲುಗಳಿಗೂ ಬಾಯಿ ಬಂತು. ಹತ್ತಕ್ಕೆ ಭೀಮಪ್ಪ, ಹಿಂದೆ ಸೊಸೆ. ನನ್ನನ್ನು ನೋಡಿ ಕೈಮುಗಿದ, ಅಶ್ವಿನಿಯನ್ನು ನೋಡಿ ನಕ್ಕ. ಓದಿ ಹೇಳಲು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ‘ತಂಗೀ, ನೀ ಓದವಾ’ ಎಂದ.

ಅವಳು ನನ್ನ ಮುಖ ನೋಡಿದಳು. ನಾನು ಹೂಂ ಎಂದೆ. ನನ್ನ ಹನ್ನೊಂದು ದಿನಗಳನ್ನು ಅವಳು ಒಂದು ನಿಮಿಷದಲ್ಲಿ ಓದಿದಳು. ಊರ ದನಗಳನ್ನು ಹೊಡೆದುಕೊಂಡು ಹೋದವರ ಬೆನ್ನಟ್ಟಿ, ದನ ಬಿಡಿಸಿ, ಅಲ್ಲೇ ಬಿದ್ದವನೊಬ್ಬನ ಕಲ್ಲು ಅದು. ಕೊನೆಯ ಸಾಲು: ಅವನ ತಮ್ಮ ಈ ಕಲ್ಲನ್ನು ನಿಲ್ಲಿಸಿದ.

‘ಯಾರು ನಿಲ್ಲಿಸಿದ?’ ಎಂದ ಭೀಮಪ್ಪ.

‘ತಮ್ಮ, ಕಾಕಾ. ಸತ್ತಾವನ ತಮ್ಮ.’

ಭೀಮಪ್ಪ ಸೊಸೆಯ ಕಡೆ ತಿರುಗಿದ. ‘ಕೇಳಿದೇನವಾ? ಆಗಿನ ತಮ್ಮ ನಿಲ್ಲಿಸ್ಯಾನ. ನಮ್ಮ ತಮ್ಮ ಕೀಳಾಕ ಜೆಸಿಬಿ ಕರಸಾಕ ಹತ್ಯಾನ.’ ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಭೀಮಪ್ಪ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಳಿಸಿದ. ‘ಇವತ್ತ ಸಂಜಿಕೆ ಅವನ ಮುಂದ ಹಿಡೀತೇನಿ ಇದನ್ನ. ಏನ ಅಂತಾನ ನೋಡತೇನಿ.’ ಹೊರಡುವಾಗ ಅಶ್ವಿನಿಯ ತಲೆಯ ಮೇಲೆ ಕೈಯಿಟ್ಟ. ‘ಭಾಳ ಚಲೋ ಓದಿದಿ ತಂಗಿ.’

ಓದಿದ್ದು ಅವಳೇ ತಾನೆ.

ಅವರು ಹೋದ ಮೇಲೆ ನನ್ನ ಟೇಬಲ್ಲಿಗೆ ಬಂದೆ. ‘ಚಿತ್ರ’, ‘ಪಾಠ’ ಎರಡಕ್ಕೂ ಮೇಲೆ, ಯಾರು ತೆರೆದರೂ ಮೊದಲು ಕಣ್ಣಿಗೆ ಬೀಳುವ ಜಾಗದಲ್ಲಿ ಒಂದು ಹೊಸ ಫೈಲು ಮಾಡಿದೆ. ತಲೆಯಲ್ಲಿದ್ದದ್ದನ್ನು ಅದರಲ್ಲಿ ಬರೆದೆ. ಚಿತ್ರದಲ್ಲಿ ದಾರಿ ಬದಲಿಸಿದರೆ ಪಾಠದಲ್ಲೂ ಬದಲಿಸಬೇಕು. ಎರಡನ್ನೂ ಒಂದೇ ಸಲಕ್ಕೆ ಬದಲಿಸಬೇಕು. ಸಂಶಯ ಬಂದರೆ ಕೇಳಬೇಕು. ಕೇಳಿದವರಿಗೆ ಹೇಳಬೇಕು. ಅದರ ಕೆಳಗೆ ಕೆಲಸ ಮಾಡಿದವರ ಹೆಸರುಗಳು, ಬಂದ ಕ್ರಮದಲ್ಲಿ: ಸುಮಿತ್ರಾ, ನಾನು, ಅಶ್ವಿನಿ.

ಮೊದಲ ಸಲ ನನ್ನ ಹೆಸರನ್ನು ಎಲ್ಲರಿಗಿಂತ ಮೇಲೆ ಬರೆದು ಸೇವ್ ಮಾಡಿದ್ದೆ, ಆಮೇಲೆ ತಿದ್ದಿದೆ. ಎರಡೂ ಲಾಗಿನಲ್ಲಿವೆ, ಬೇಕಾದವರು ನೋಡಬಹುದು.